ನೀರಿನ ಸುರಕ್ಷತೆ ತರಬೇತಿಯ ಶೀಟ್ ಏಕಾಏಕಿ ಕೆಂಪಾದರೆ

ನಮ್ಮದು ಶಿವಮೊಗ್ಗದ ಒಂದು ಸಣ್ಣ ತಂಡ. ರಜೆ ಬಂದಾಗ ಶಾಲೆ ಮಕ್ಕಳನ್ನು ಕಾಡಿಗೆ, ಹೊಳೆಗೆ, ಹಿನ್ನೀರಿಗೆ ಕರೆದುಕೊಂಡು ಹೋಗುತ್ತೇವೆ. ಜೊತೆಗೆ ಬರುವ ಲೀಡರ್‌ಗಳೆಲ್ಲ ಸ್ವಯಂಸೇವಕರು. ಮೇಷ್ಟ್ರು ಇದ್ದಾರೆ, ಬ್ಯಾಂಕಿನವರಿದ್ದಾರೆ, ಅಡಿಕೆ ತೋಟದವರಿದ್ದಾರೆ, ಒಬ್ಬರು ನರ್ಸ್. ಮಕ್ಕಳನ್ನು ನೀರಿಗೆ ಇಳಿಸಬೇಕಾದರೆ ಲೀಡರ್‌ಗೆ ನೀರಿನ ಸುರಕ್ಷತೆಯ ತರಬೇತಿ ಆಗಿರಲೇಬೇಕು, ಅದರ ಅವಧಿಯೂ ಮುಗಿದಿರಬಾರದು. ಯಾರಿಗೆ ಆಗಿದೆ, ಯಾರಿಗೆ ಇಲ್ಲ ಅನ್ನುವ ಕಂಪ್ಯೂಟರ್ ಶೀಟ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಿದ್ದಿದೆ. ತರಬೇತಿ ಚಾಲ್ತಿಯಲ್ಲಿದ್ದವರು ಅದರಲ್ಲಿ ಹಸಿರು, ಇಲ್ಲದವರು ಕೆಂಪು.

2025ರ ಜನವರಿ. ಶರಾವತಿ ಹಿನ್ನೀರಿನ ಕ್ಯಾಂಪಿಗೆ ನಾಲ್ಕು ದಿನ ಬಾಕಿ. ಯಾರನ್ನು ಕರೆಯಬಹುದು ನೋಡೋಣ ಅಂತ ಶೀಟ್ ತೆರೆದರೆ 19 ಲೀಡರ್‌ಗಳಲ್ಲಿ 14 ಜನ ಕೆಂಪು. ಡಿಸೆಂಬರ್‌ನಲ್ಲಿ ನೋಡಿದಾಗ ಕೆಂಪು ಇದ್ದದ್ದು ಒಬ್ಬರೇ. ವಿಚಿತ್ರ ಅಂದ್ರೆ, ಆ ಒಬ್ಬರು ಈಗ ಹಸಿರಾಗಿದ್ದರು.

ಸಾಗರದ ಮೇಷ್ಟ್ರಿಗೆ ಫೋನ್ ಮಾಡಿದೆ. "ನಿಮ್ಮ ಟ್ರೇನಿಂಗ್ ಅವಧಿ ಮುಗಿದಿದೆ ಅಂತ ತೋರಿಸ್ತಿದೆ ಮೇಷ್ಟ್ರೇ" ಅಂದೆ. ಅವರು ಸಿಟ್ಟಾಗಲಿಲ್ಲ, ನಕ್ಕರು. "ಎಂತ ಮಾರಾಯ್ರೆ, ಹೋದ ಫೆಬ್ರವರಿಲಿ ತಣ್ಣೀರಲ್ಲಿ ಎರಡು ತಾಸು ನಿಲ್ಲಿಸಿದ್ರಲ್ಲ, ಅದೆಲ್ಲ ಎಲ್ಲಿಗೆ ಹೋಯ್ತು?"

ಎಲ್ಲಿಗೆ ಹೋಯಿತು ಅಂತ ಹುಡುಕಿದ ಕಥೆ ಇದು. ಇಂಥದ್ದೇ ಶೀಟ್ ಇಟ್ಟುಕೊಂಡವರಿಗೆ ಉಪಯೋಗ ಆಗಬಹುದು ಅಂತ, ಹುಡುಕಿದ ಕ್ರಮದಲ್ಲೇ ಬರೆದಿದ್ದೇನೆ.

ಬದಲಾದದ್ದೇನು

ನಮ್ಮ ಪಾಠಕ್ಕೆ ಬುನಾದಿ ಅಮೆರಿಕದ ಸ್ಕೌಟ್‌ಗಳ ಎರಡು ಕೋರ್ಸ್. ಈಜಿಗೆ 'ಸೇಫ್ ಸ್ವಿಮ್ ಡಿಫೆನ್ಸ್', ಅದರಲ್ಲಿ 8 ಅಂಶ. ದೋಣಿಗೆ 'ಸೇಫ್ಟಿ ಅಫ್ಲೋಟ್', ಅದರಲ್ಲಿ 9. ಅಲ್ಲಿ ಎರಡಕ್ಕೂ ಅವಧಿ 2 ವರ್ಷ. ನಾವು ಪಾಠವನ್ನು ನಮ್ಮ ಹೊಳೆಗೆ ಒಗ್ಗಿಸಿಕೊಂಡೆವು. ಅವಧಿಯನ್ನು ಮಾತ್ರ ಧಾರಾಳವಾಗಿ 3 ವರ್ಷ ಇಟ್ಟುಕೊಂಡಿದ್ದೆವು.

2025ರ ಜನವರಿ 1ರಿಂದ ತಂಡ ನಿಯಮ ಬದಲಿಸಿತು. ಎರಡೂ ಸೇರಿಸಿ ಒಂದೇ ಕೋರ್ಸ್. ನೀರಿಗಿಳಿದು ಮಾಡಿ ತೋರಿಸುವ ಪರೀಕ್ಷೆ ಕಡ್ಡಾಯ. ಅವಧಿ 2 ವರ್ಷ. ಹಳೆ ಸರ್ಟಿಫಿಕೇಟ್ ಇದ್ದವರಿಗೆ ಅದರ 3 ವರ್ಷ ಮುಗಿಯುವ ತನಕ ನಡೆಯುತ್ತದೆ. ಇಷ್ಟೇ ನಿರ್ಣಯ.

ಆ ರಾತ್ರಿ ನಾನು ಶೀಟ್‌ನಲ್ಲಿ ಎರಡು ಬದಲಾವಣೆ ಮಾಡಿದ್ದೆ. ಮೇಲಿನ ಒಂದು ಸೆಲ್‌ನಲ್ಲಿ 36 ಅಂತ ಇತ್ತು, ತಿಂಗಳ ಲೆಕ್ಕ. ಅದನ್ನು 24 ಮಾಡಿದೆ. ಆಮೇಲೆ ಹಳೆ ಕೋರ್ಸ್‌ಗಳ ಹೆಸರು ಹುಡುಕಿ, ಎಲ್ಲ ಕಡೆ ಹೊಸ ಹೆಸರು ಕೂರಿಸಿದೆ. ಐದು ನಿಮಿಷದ ಕೆಲಸ. ಸರಿಪಡಿಸೋಕೆ ಮೂರು ರಾತ್ರಿ ಹಿಡಿಯಿತು.

ಏನನ್ನೂ ಮುಟ್ಟುವ ಮೊದಲು

ಕೆಂಪು ಕಂಡ ತಕ್ಷಣ ಕೈಯಿಂದ ಹಸಿರು ಮಾಡುವ ಆಸೆ ಬರುತ್ತದೆ. "ಮೇಷ್ಟ್ರದ್ದು ಆಗಿದೆ ಅಂತ ಗೊತ್ತಲ್ವಾ, ಹಾಕಿಬಿಡೋಣ" ಅಂತ. ದಯವಿಟ್ಟು ಬೇಡ. ಒಂದು ಸೆಲ್‌ನಲ್ಲಿ ಫಾರ್ಮುಲಾ ಅಳಿಸಿ 'ಆಗಿದೆ' ಅಂತ ಬರೆದರೆ ಆ ಮನುಷ್ಯ ಇನ್ನು ಜನ್ಮದಲ್ಲಿ ಕೆಂಪಾಗುವುದಿಲ್ಲ. ಎರಡು ವರ್ಷ ಬಿಟ್ಟು ಅದು ಯಾರಿಗೂ ನೆನಪೂ ಇರುವುದಿಲ್ಲ.

ಮೊದಲು ಶೀಟ್‌ನ ಪ್ರತಿ ಮಾಡಿಕೊಳ್ಳಿ. ಗೂಗಲ್ ಶೀಟ್ಸ್ ಆದರೆ ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ಇದೆ. ನಿಯಮ ಬದಲಿಸುವ ಹಿಂದಿನ ದಿನದ ರೂಪ ತೆರೆದು, ಆ ಪಟ್ಟಿ ಮತ್ತು ಈಗಿನ ಪಟ್ಟಿ ಎರಡನ್ನೂ ಅಕ್ಕಪಕ್ಕ ಇಡಿ. ಬಣ್ಣ ಬದಲಾದವರನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ನಾನು ಬರೆದುಕೊಂಡದ್ದು ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ.

ಆ ಹೆಸರುಗಳನ್ನು ತರಬೇತಿ ತಾರೀಖಿನ ಪ್ರಕಾರ ಜೋಡಿಸಿ ನೋಡಿ. ಒಂದೇ ಅವಧಿಯವರು ಗುಂಪಾಗಿ ಕೆಂಪಾಗಿದ್ದರೆ ತಪ್ಪು ಅವಧಿಯ ಲೆಕ್ಕದಲ್ಲಿದೆ. ಒಂದೇ ಕೋರ್ಸ್‌ನವರು ಕೆಂಪಾಗಿದ್ದರೆ ಕೋರ್ಸ್ ಹೆಸರಿನಲ್ಲಿದೆ. ಅಲ್ಲೊಬ್ಬರು ಇಲ್ಲೊಬ್ಬರು ಚದುರಿದ್ದರೆ ಅವರವರ ಸಾಲಿನಲ್ಲೇ ಏನೋ ಇದೆ. ನನ್ನ 14 ಜನ ಹೀಗೆ ಒಡೆದರು: 7, 4, 3. ಒಂದೇ ಕಾಯಿಲೆ ಅಂದುಕೊಂಡಿದ್ದೆ. ಇದ್ದದ್ದು ಮೂರು.

ಏಳು ಜನ

ಈ ಏಳೂ ಜನ ತರಬೇತಿ ಪಡೆದದ್ದು 2022ರಲ್ಲಿ. ಹಳೆ ಲೆಕ್ಕದಲ್ಲಿ 2025ರ ತನಕ ಅವಧಿ ಇತ್ತು. ನಾನು 36 ತೆಗೆದು 24 ಹಾಕಿದ್ದರಿಂದ ಹೊಸ ನಿಯಮ ಹಳೆ ತರಬೇತಿಗೂ ಅಂಟಿಕೊಂಡಿತು. ತಂಡದ ನಿರ್ಣಯ ಹೇಳಿದ್ದು ಅದಕ್ಕೆ ಉಲ್ಟಾ.

ಅವಧಿಯನ್ನು ಇಡೀ ಶೀಟ್‌ಗೆ ಒಂದೇ ಸೆಲ್‌ನಲ್ಲಿ ಇಟ್ಟದ್ದೇ ಮೂಲ ತಪ್ಪು. ಅವಧಿ ಸೇರಬೇಕಾದದ್ದು ಕೋರ್ಸ್‌ಗೆ, ಅದರಲ್ಲೂ ಕೋರ್ಸ್‌ನ ಯಾವ ರೂಪ ಅನ್ನುವುದಕ್ಕೆ. ಹಳೆ ಈಜಿನ ಕೋರ್ಸ್‌ಗೆ 36, ಹಳೆ ದೋಣಿ ಕೋರ್ಸ್‌ಗೆ 36, ಹೊಸ ಜಂಟಿ ಕೋರ್ಸ್‌ಗೆ 24. ಮೂರು ಸಾಲಿನ ಒಂದು ಸಣ್ಣ ಪಟ್ಟಿ ಬೇರೆ ಹಾಳೆಯಲ್ಲಿ ಇದ್ದರೆ ಸಾಕು. ನಾಳೆ ನಿಯಮ ಮತ್ತೆ ಬದಲಾದರೆ ನಾಲ್ಕನೇ ಸಾಲು ಬರೆಯಬೇಕು, ಇರುವ ಮೂರನ್ನು ಮುಟ್ಟಬಾರದು.

ಅವಧಿ ಕೂಡಿಸುವಾಗ ದಿನದ ಲೆಕ್ಕ ಬೇಡ, 'ಇಡೇಟ್' (EDATE) ಫಾರ್ಮುಲಾ ಬಳಸಿ ತಿಂಗಳ ಲೆಕ್ಕ ಇಡಿ. 2024ರ ಫೆಬ್ರವರಿ 10ಕ್ಕೆ 730 ದಿನ ಕೂಡಿಸಿದರೆ 2026ರ ಫೆಬ್ರವರಿ 9 ಬರುತ್ತದೆ. ನಡುವೆ ಅಧಿಕ ವರ್ಷದ ಒಂದು ದಿನ ನುಂಗಿಹೋಗುತ್ತದೆ. ಕ್ಯಾಂಪ್ ಆ ದಿನವೇ ಇದ್ದರೆ ಜಗಳ ಗ್ಯಾರಂಟಿ.

ನಾಲ್ಕು ಜನ, ಮತ್ತು ಆ ಒಂದು ಹಸಿರು

ನಾಲ್ವರದ್ದು ಸುಲಭದ ತಪ್ಪು. ಅವರ ಸಾಲುಗಳಲ್ಲಿ ಒಂದು ಕಡೆ 'ದೋಣಿ ಸುರಕ್ಷತೆ', ಇನ್ನೊಂದು ಕಡೆ 'ದೋಣಿ ಸುರಕ್ಷೆ', ಮತ್ತೊಂದು ಕಡೆ 'ಬೋಟ್ ಸೇಫ್ಟಿ' ಅಂತ ಇತ್ತು. ಬರೆದವರು ಬೇರೆ ಬೇರೆ, ವರ್ಷ ಬೇರೆ ಬೇರೆ. ನಾನು ಹುಡುಕಿ ಬದಲಿಸಿದ್ದು ಒಂದೇ ಕಾಗುಣಿತವನ್ನು. ಉಳಿದವು ಹಾಗೇ ಉಳಿದವು, ಶೀಟ್‌ಗೆ ಅವು ಯಾವ ಕೋರ್ಸ್ ಅಂತ ಗೊತ್ತಾಗಲಿಲ್ಲ, ಕೆಂಪು ಹಾಕಿತು.

ನಿಜವಾಗಿ ಎದೆ ಧಸಕ್ ಅಂದದ್ದು ಆ ಹಸಿರು ನೋಡಿ. ತೀರ್ಥಹಳ್ಳಿ ಕಡೆಯ ತೋಟದವರು ಅವರು. ದೋಣಿ ಕೋರ್ಸ್ ಮಾತ್ರ ಮಾಡಿದ್ದರು, ಈಜಿನದ್ದು ಮಾಡಿರಲಿಲ್ಲ. ಹಳೆ ಶೀಟ್‌ನಲ್ಲಿ ಈಜಿನ ಕಾಲಂ ಕೆಂಪು, ದೋಣಿಯದ್ದು ಹಸಿರು. ಅದು ಸರಿಯಾಗಿಯೇ ಇತ್ತು. ನಾನು ಎರಡೂ ಹಳೆ ಹೆಸರುಗಳನ್ನು ಹೊಸ ಜಂಟಿ ಕೋರ್ಸ್‌ನ ಹೆಸರಿಗೆ ತಿರುಗಿಸಿದಾಗ, ಅವರ ಅರ್ಧ ತರಬೇತಿ ರಾತ್ರೋರಾತ್ರಿ ಪೂರ್ತಿ ಆಯಿತು.

ಕೆಂಪು ತಪ್ಪಾಗಿ ಬಂದರೆ ಜನ ಫೋನ್ ಮಾಡಿ ಬೈಯುತ್ತಾರೆ, ತಪ್ಪು ಗೊತ್ತಾಗುತ್ತದೆ. ಹಸಿರು ತಪ್ಪಾಗಿ ಬಂದರೆ ಯಾರೂ ಫೋನ್ ಮಾಡುವುದಿಲ್ಲ. ಹಾಗಾಗಿ ಹುಡುಕುವಾಗ ಹಸಿರುಗಳನ್ನು ಮೊದಲು ನೋಡಿ. ನಾನು ಕೊನೆಗೆ ನೋಡಿದೆ, ಅದು ನನ್ನ ದಡ್ಡತನ.

ಎರಡು ಹಳೆ ಕೋರ್ಸ್‌ಗಳನ್ನು ಎದುರು ಬದುರು ಇಟ್ಟು ನೋಡಿದರೆ ಇದು ಯಾಕೆ ಅಪಾಯ ಅಂತ ತಿಳಿಯುತ್ತದೆ. ಬಲ್ಲವರ ಉಸ್ತುವಾರಿ, ಆರೋಗ್ಯದ ವಿಚಾರಣೆ, ಜೋಡಿ ಪದ್ಧತಿ, ಶಿಸ್ತು ಈ ನಾಲ್ಕು ಎರಡರಲ್ಲೂ ಇವೆ. ಆದರೆ ಈಜುವ ಜಾಗ ಮೊದಲೇ ಪರೀಕ್ಷಿಸುವುದು, ರಕ್ಷಣೆಗೆ ಜನ ನಿಲ್ಲಿಸುವುದು, ದಡದಲ್ಲಿ ಕಣ್ಣಿಡಲು ಒಬ್ಬರನ್ನು ಕೂರಿಸುವುದು ಈಜಿನ ಕೋರ್ಸ್‌ನ ಪಾಠ. ಲೈಫ್ ಜಾಕೆಟ್, ಪ್ರಯಾಣದ ಯೋಜನೆ, ದೋಣಿ ಮತ್ತು ಸಾಮಾನಿನ ತಯಾರಿ ದೋಣಿಯ ಪಾಠ. ಹಿನ್ನೀರಿನಲ್ಲಿ ಜಾಗ ಪರೀಕ್ಷಿಸುವುದು ಅಂದರೆ ತಮಾಷೆಯಲ್ಲ. ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನಿಂತಿವೆ. ನೀರು ಇಳಿದಾಗ ಕಾಣುತ್ತವೆ, ತುಂಬಿದಾಗ ಕಾಣುವುದಿಲ್ಲ. ದೋಣಿ ಕೋರ್ಸ್ ಮಾತ್ರ ಕಲಿತವರಿಗೆ ಕಾಲಲ್ಲಿ ತಡವಿ ನೋಡುವ ಆ ಪಾಠ ಆಗಿರುವುದಿಲ್ಲ.

ಹಾಗಾಗಿ ಸಂಬಂಧ ಒಂದೇ ದಿಕ್ಕಿನದು. ಹೊಸ ಕೋರ್ಸ್ ಮಾಡಿದವರಿಗೆ ಹಳೆ ಎರಡೂ ಮಾಡಿದ ಹಾಗೆ ಲೆಕ್ಕ. ಹಳೆಯದು ಒಂದು ಮಾಡಿದವರಿಗೆ ಆ ಒಂದೇ ಲೆಕ್ಕ. ನಿಯಮದ ಹಾಳೆಯಲ್ಲಿ ಪ್ರತಿ ಕೋರ್ಸ್ ಮುಂದೆ ಎರಡು ಕಾಲಂ ಇಟ್ಟೆ: ಈಜಿಗೆ ನಡೆಯುತ್ತದಾ, ದೋಣಿಗೆ ನಡೆಯುತ್ತದಾ. ಹಳೆ ಹೆಸರುಗಳನ್ನು ವರ್ಷನ್ ಹಿಸ್ಟರಿಯಿಂದ ವಾಪಸ್ ತಂದು, ಪಕ್ಕದ ಕಾಲಂನಲ್ಲಿ ಕೋಡ್ ಕೊಟ್ಟೆ. ಈ-1, ದೋ-1, ಜಂ-2. ಅಂಕಿ ಅಂದರೆ ಪಾಠದ ಯಾವ ರೂಪ ಅಂತ. ಹೆಸರು ಹೇಗೆ ಬೇಕಾದರೂ ಬರೆದುಕೊಳ್ಳಲಿ, ಲೆಕ್ಕ ನಡೆಯುವುದು ಕೋಡ್ ಮೇಲೆ. ಫಾರ್ಮ್‌ನಲ್ಲಿ ಈಗ ಕೋರ್ಸ್ ಹೆಸರು ಟೈಪ್ ಮಾಡೋಕೆ ಆಗುವುದಿಲ್ಲ, ಪಟ್ಟಿಯಿಂದ ಆರಿಸಬೇಕು.

ಉಳಿದ ಮೂವರು

ಈ ಮೂರು ತಪ್ಪು ಜನವರಿಯವಲ್ಲ. ಮೊದಲೇ ಇದ್ದವು. 36 ತಿಂಗಳ ಉದಾರತೆಯ ಕೆಳಗೆ ಮುಚ್ಚಿಹೋಗಿದ್ದವು, 24 ಆದಾಗ ಬೊಡ್ಡೆಯ ಹಾಗೆ ಮೇಲೆ ಬಂದವು.

ಮೊದಲನೆಯದು ಸಾಗರದ ಮೇಷ್ಟ್ರದ್ದು. ಅವರು 2022ರ ಮಾರ್ಚ್‌ನಲ್ಲಿ ಒಮ್ಮೆ, 2024ರ ಫೆಬ್ರವರಿಯಲ್ಲಿ ಇನ್ನೊಮ್ಮೆ ತರಬೇತಿ ಮಾಡಿದ್ದರು. ಎರಡು ಸಾಲು. ನನ್ನ ಫಾರ್ಮುಲಾ 'ವಿಲುಕಪ್' (VLOOKUP). ಅದಕ್ಕೆ ಒಂದು ಗುಣ ಇದೆ, ಮೇಲಿಂದ ಹುಡುಕುತ್ತ ಬಂದು ಹೆಸರು ಮೊದಲು ಸಿಕ್ಕ ಸಾಲಿನಲ್ಲೇ ನಿಂತುಬಿಡುತ್ತದೆ. ಹಳೆಯದು ಮೇಲಿತ್ತು. ಎರಡು ತಾಸು ತಣ್ಣೀರಲ್ಲಿ ನಿಂತದ್ದು ಶೀಟ್‌ನಲ್ಲೇ ಇತ್ತು, ಆದರೆ ಓದುವವರೇ ಇರಲಿಲ್ಲ. ಈಗ 'ಮ್ಯಾಕ್ಸ್‌ಇಫ್ಸ್' (MAXIFS) ಹಾಕಿದ್ದೇನೆ. ಒಬ್ಬರ ಎಲ್ಲ ಸಾಲುಗಳಲ್ಲಿ ಕೊನೆಗೆ ಮುಗಿಯುವ ತಾರೀಖು ಯಾವುದೋ ಅದನ್ನು ಕೊಡುತ್ತದೆ. ಏನೂ ಸಿಗದಿದ್ದರೆ ಸೊನ್ನೆ ಕೊಡುತ್ತದೆ, ಗೂಗಲ್ ಶೀಟ್ಸ್ ಅದನ್ನು ತಾರೀಖಿನ ರೂಪದಲ್ಲಿ 30/12/1899 ಅಂತ ತೋರಿಸುತ್ತದೆ. 1899 ಕಂಡರೆ ಗಾಬರಿ ಬೇಡ, ತರಬೇತಿ ಇಲ್ಲ ಅಂತ ಅರ್ಥ.

ಎರಡನೆಯದಕ್ಕೆ ಅರ್ಧ ರಾತ್ರಿ ಹೋಯಿತು. ಹೆಸರು 'ಪ್ರಕಾಶ್' ಅಂತಿಟ್ಟುಕೊಳ್ಳಿ. ಇವರದ್ದೂ ಎರಡು ಸಾಲು, ಹೆಸರು ಎರಡರಲ್ಲೂ ಒಂದೇ. ಕಣ್ಣಿಗೆ ಒಂದು ಕೂದಲೆಳೆ ವ್ಯತ್ಯಾಸ ಕಾಣುವುದಿಲ್ಲ. ಆದರೂ ಶೀಟ್ ಎರಡು ಬೇರೆ ಜನ ಅನ್ನುತ್ತಿದೆ. ಖಾಲಿ ಜಾಗ ಇರಬಹುದು ಅಂತ 'ಟ್ರಿಮ್' ಹಾಕಿದೆ, ಹೋಗಲಿಲ್ಲ. ಕೊನೆಗೆ 'ಲೆನ್' ಹಾಕಿ ಅಕ್ಷರ ಎಣಿಸಿದೆ. ಒಂದರಲ್ಲಿ 7, ಇನ್ನೊಂದರಲ್ಲಿ 8.

ಕನ್ನಡ ಟೈಪ್ ಮಾಡುವವರಿಗೆ ಇದು ಗೊತ್ತಿರಬೇಕು. ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟಿಕೊಳ್ಳದೆ ಇರಲಿ ಅಂತ ಕೆಲವು ಕೀಬೋರ್ಡ್‌ಗಳು ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತವೆ. 'ಶ್' ಕೊನೆಯಲ್ಲಿದ್ದಾಗ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ನೋಡೋಕೆ. ಕಂಪ್ಯೂಟರ್‌ಗೆ ಮಾತ್ರ ಅದು ಬೇರೆ ಹೆಸರು. ಇವರು ನಡುವೆ ಫೋನ್ ಬದಲಿಸಿದ್ದರು, ಕೀಬೋರ್ಡ್ ಬದಲಾಗಿತ್ತು. ಆ ಅಕ್ಷರದ ಸಂಖ್ಯೆ 8204. 'ಸಬ್‌ಸ್ಟಿಟ್ಯೂಟ್' ಒಳಗೆ 'ಯೂನಿಕ್ಯಾರ್' (UNICHAR) 8204 ಅಂತ ಕೊಟ್ಟು ಅದನ್ನು ತೆಗೆಯಬಹುದು. ನಾನು ತೆಗೆದೆ, ಆದರೆ ಅದನ್ನೇ ನಂಬಿ ಕೂರಲಿಲ್ಲ. ಪ್ರತಿ ಲೀಡರ್‌ಗೂ ಒಂದು ನಂಬರ್ ಕೊಟ್ಟೆ. ಹೆಸರು ಓದೋಕೆ, ನಂಬರ್ ಹೊಂದಿಸೋಕೆ.

ಮೂರನೆಯವರ ತಾರೀಖು 01/03/2023. ಮಾರ್ಚ್ 1. ನಮ್ಮ ಶೀಟ್‌ನ ಲೊಕೇಲ್ (ತಾರೀಖು ಯಾವ ದೇಶದ ರೀತಿ ಅನ್ನುವ ಸೆಟ್ಟಿಂಗ್) ಅಮೆರಿಕದ್ದು, ಅಂದರೆ ತಿಂಗಳು ಮೊದಲು, ಯಾರೂ ಅದನ್ನು ಬದಲಿಸಿರಲಿಲ್ಲ. ಅದು ಜನವರಿ 3 ಅಂತ ಓದಿಕೊಂಡಿತು. ಇಂಥ ಶೀಟ್‌ನಲ್ಲಿ ತಿಂಗಳ ಮೊದಲ 12 ದಿನಗಳ ತಾರೀಖು ಸದ್ದಿಲ್ಲದೆ ತಿರುಗುತ್ತದೆ. 13ರಿಂದ ಮುಂದಿನದ್ದು ತಿರುಗಲು ಬಾರದೆ ಬರೀ ಅಕ್ಷರವಾಗಿ ಕೂರುತ್ತದೆ. ಗುರುತಿಸುವುದು ಸುಲಭ: ನಿಜವಾದ ತಾರೀಖು ಸೆಲ್‌ನ ಬಲಕ್ಕೆ ಒರಗುತ್ತದೆ, ಅಕ್ಷರ ಎಡಕ್ಕೆ. ಕಾಲಂ ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ, ಎಡಕ್ಕೆ ಒರಗಿದ್ದು ಒಂದಿದ್ದರೂ ಬಲಕ್ಕೆ ಒರಗಿದವನ್ನೂ ಕಾಗದದ ಜೊತೆ ತಾಳೆ ನೋಡಿ. ಲೊಕೇಲ್ ಅನ್ನು ಭಾರತಕ್ಕೆ ಬದಲಿಸಿದರೆ ಮುಂದೆ ಬರುವುದು ಸರಿಯಾಗುತ್ತದೆ, ಈಗಾಗಲೇ ತಿರುಗಿ ಕೂತದ್ದು ತಾನಾಗಿ ಸರಿಯಾಗುವುದಿಲ್ಲ.

ಎಕ್ಸೆಲ್‌ನಲ್ಲಿ ಇದರ ಇನ್ನೊಂದು ಮುಖ ಇದೆ. ಅವಧಿ ಮುಗಿಯುವ ತಾರೀಖನ್ನು ಯಾರಾದರೂ ಕೈಯಿಂದ ಬರೆದು ಅದು ಅಕ್ಷರವಾಗಿ ಕೂತರೆ, ಹೋಲಿಸುವಾಗ ಅಕ್ಷರ ಯಾವತ್ತೂ ಸಂಖ್ಯೆಗಿಂತ ದೊಡ್ಡದು. ಅಂದರೆ ಆ ತಾರೀಖು ಎಂದೆಂದಿಗೂ ಇವತ್ತಿಗಿಂತ ಮುಂದೆ. ಹಸಿರು, ಶಾಶ್ವತವಾಗಿ.

ಹುಡುಕುವಾಗ ಸಿಕ್ಕ ಇನ್ನೆರಡು

ಫಾರ್ಮ್ ತುಂಬಿದ ಸಮಯ ತಾನಾಗಿ ದಾಖಲಾಗುತ್ತದೆ. ಅದನ್ನೇ ತರಬೇತಿಯ ದಿನ ಅಂತ ಲೆಕ್ಕಕ್ಕೆ ತೆಗೆದುಕೊಂಡ ಸಾಲುಗಳಿದ್ದವು. ಹೊಸನಗರದ ಒಳಗಿನ ಹಳ್ಳಿಯವರು ಕರೆಂಟು, ನೆಟ್‌ವರ್ಕ್ ಎರಡೂ ಬಂದ ದಿನ ಫಾರ್ಮ್ ತುಂಬುತ್ತಾರೆ. ಮಳೆಗಾಲದಲ್ಲಿ ಅದು ವಾರವೂ ಆಗಬಹುದು. ತರಬೇತಿಯ ದಿನಕ್ಕೆ ಬೇರೆ ಪ್ರಶ್ನೆ ಇರಲೇಬೇಕು.

ಇನ್ನೊಂದು, ಶೀಟ್ ಅವಧಿಯನ್ನು ಇವತ್ತಿನ ದಿನಕ್ಕೆ ಹೋಲಿಸುತ್ತಿತ್ತು. ಬುಧವಾರ ಹಸಿರಿದ್ದವರು ಭಾನುವಾರ ದೋಣಿಯಲ್ಲಿ ಕೂರುವ ಹೊತ್ತಿಗೆ ಕೆಂಪಾಗಿರಬಹುದು. ಹೋಲಿಸಬೇಕಾದದ್ದು ಕ್ಯಾಂಪಿನ ಕೊನೆಯ ದಿನಕ್ಕೆ. ಈಗ ಮೇಲೆ ಒಂದು ಸೆಲ್ ಇದೆ, ಅಲ್ಲಿ ಆ ತಾರೀಖು ಹಾಕಿದರೆ ಆ ದಿನಕ್ಕೆ ಯಾರು ನಡೆಯುತ್ತಾರೆ ಅಂತ ಪಟ್ಟಿ ಬರುತ್ತದೆ.

ಯಾವ ಪಾಠ ಅಂತ ಯಾಕೆ ಬರೆಯಬೇಕು

ನಮ್ಮಲ್ಲೇ ಒಬ್ಬರು ಕೇಳಿದರು, "ಕೋರ್ಸ್ ಆಗಿದೆ ಅಂತ ಬರೆದರೆ ಸಾಲದಾ? ಒಂದೇ, ಎರಡೇ ಅಂತೆಲ್ಲ ಯಾಕೆ?" ಪಾಠ ನಿಜವಾಗಿಯೂ ಬದಲಾಗುತ್ತದೆ, ಅದಕ್ಕೆ. ಸಿಪಿಆರ್ ನೋಡಿ. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕ್ರಮ ಬದಲಿಸಿ, ಎದೆ ಒತ್ತುವುದು ಮೊದಲು, ಉಸಿರು ಆಮೇಲೆ ಅಂತ ಮಾಡಿತು. ಹಠಾತ್ ಹೃದಯ ನಿಂತವರಿಗೆ ಅದು ಸರಿ. ನೀರಲ್ಲಿ ಮುಳುಗಿದವರಿಗೆ ಮೊದಲು ತಪ್ಪಿರುವುದು ಉಸಿರು. 2024ರಲ್ಲಿ ಮುಳುಗಿದವರ ಬಗ್ಗೆಯೇ ಬಂದ ಪರಿಷ್ಕರಣೆಯಲ್ಲಿ, ತರಬೇತಿ ಪಡೆದವರು ಉಸಿರು ಕೊಡುವುದರಿಂದ ಶುರು ಮಾಡುವುದು ಸೂಕ್ತ ಅಂತಿದೆ. ಎದೆ ಒತ್ತುವುದನ್ನು ಮಾತ್ರ ಕಲಿತು ಬಂದ ಲೀಡರ್ ದಡದಲ್ಲಿ ಏನು ಮಾಡುತ್ತಾರೆ ಅನ್ನುವುದು ಅವರು ಕಲಿತ ವರ್ಷ ಮತ್ತು ಪಾಠದ ಮೇಲೆ ನಿಂತಿದೆ. 'ಆಗಿದೆ' ಅನ್ನುವ ಒಂದು ಪದದಲ್ಲಿ ಅದು ಸಿಗುವುದಿಲ್ಲ.

ನೀರಿನ ಪರೀಕ್ಷೆಗೂ ಇದೇ ಮಾತು. 75 ಗಜ ಮುಂದೆ ಈಜಿ, 25 ಗಜ ಬೆನ್ನ ಮೇಲೆ ಬಂದು, ಆಮೇಲೆ ಅಲುಗದೆ ತೇಲಬೇಕು. ಅಲ್ಲಿನ ಸ್ಕೌಟ್‌ಗಳು ಈಜುಗಾರ ಅನ್ನಿಸಿಕೊಳ್ಳಲು ಕೊಡುವ ಪರೀಕ್ಷೆಯನ್ನೇ ನಾವು ಲೀಡರ್‌ಗಳಿಗೂ ಇಟ್ಟುಕೊಂಡಿದ್ದೇವೆ. ತಳ ಕಾಣುವ ಈಜುಕೊಳದಲ್ಲಿ ಮಾಡಿದ್ದಾ, ಹಿನ್ನೀರಿನಲ್ಲಾ ಅನ್ನುವುದು ಈಗ ಬೇರೆ ಕಾಲಂ.

ಆ ಕ್ಯಾಂಪ್ ಏನಾಯಿತು

ಮೂರನೇ ರಾತ್ರಿ ಶೀಟ್ ಬದಿಗಿಟ್ಟು ಕಾಗದದ ಫೈಲ್ ತೆಗೆದೆ. ಮಳೆಗಾಲ ಕಳೆದ ಬೂಷ್ಟಿನ ವಾಸನೆ. ಸರ್ಟಿಫಿಕೇಟ್‌ಗಳನ್ನು ಊಟದ ಮೇಜಿನ ಮೇಲೆ ಹರಡಿ, ಸರಿಪಡಿಸಿದ ಶೀಟ್ ಜೊತೆ ಒಂದೊಂದೇ ತಾಳೆ ನೋಡಿದೆ. 14 ಜನವೂ ಹಸಿರು. ತೋಟದವರು ಈಜಿಗೆ ಕೆಂಪು, ದೋಣಿಗೆ ಹಸಿರು.

ಅವರಿಗೆ ಹೇಳುವಾಗ ಮುಜುಗರವಾಯಿತು. ತುಂಗೆಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು, ನನಗಿಂತ ನಾಲ್ಕು ಪಟ್ಟು ಚೆನ್ನಾಗಿ ಈಜುತ್ತಾರೆ. "ಈಜೋದು ಬೇರೆ, ಹನ್ನೆರಡು ಹುಡುಗರು ಈಜುವಾಗ ಎಣಿಸ್ತಾ ನಿಲ್ಲೋದು ಬೇರೆ ಅಲ್ವಾ" ಅಂದೆ. "ಸರಿ ಬಿಡಿ, ಅವಲಕ್ಕಿ ನಂಗೆ ಬಿಡಿ" ಅಂದರು. ಮಕ್ಕಳು ಈಜುವಷ್ಟು ಹೊತ್ತು ಅವರು ಒಲೆ ಹತ್ತಿರ ಇದ್ದರು, ದೋಣಿ ಹೊರಟಾಗ ಬಂದು ಹುಟ್ಟು ಹಿಡಿದರು. ಫೆಬ್ರವರಿಯಲ್ಲಿ ಹೊಸ ಕೋರ್ಸ್ ಮುಗಿಸಿದರು.

ಸರಿಯಾಯಿತಾ ಅಂತ ನೋಡುವುದು

ಇವತ್ತಿನ ಪಟ್ಟಿ ಸರಿ ಬಂದರೆ ಸಾಲದು. ಹಳೆ ಕ್ಯಾಂಪ್ ಒಂದರ ಕೊನೆಯ ದಿನವನ್ನು ಮೇಲಿನ ಸೆಲ್‌ನಲ್ಲಿ ಹಾಕಿ. ಆ ದಿನಕ್ಕೆ ಶೀಟ್ ಕೊಡುವ ಪಟ್ಟಿಯನ್ನು ಅಂದು ಫೈಲ್‌ಗೆ ಸೇರಿಸಿದ ಕಾಗದದ ಪಟ್ಟಿಯ ಜೊತೆ ಇಡಿ. ಆ ದಿನದ ಆಚೆ ಆದ ತರಬೇತಿಯನ್ನು ಶೀಟ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಫಾರ್ಮುಲಾದಲ್ಲಿ ಆ ಷರತ್ತೂ ಬೇಕು. ನಾನು ಅದನ್ನು ಮರೆತು, 2023ರ ಕ್ಯಾಂಪಿಗೆ 2024ರಲ್ಲಿ ಕಲಿತವರನ್ನೂ ಹಸಿರು ಮಾಡಿದ್ದೆ.

ಇನ್ನು ಮೂರು ಸುಳ್ಳು ಲೀಡರ್‌ಗಳನ್ನು ಶೀಟ್‌ನ ತಳದಲ್ಲಿ ಕಾಯಂ ಇಟ್ಟಿದ್ದೇನೆ. ಒಬ್ಬರಿಗೆ ಹಳೆ ದೋಣಿ ಕೋರ್ಸ್ ಮಾತ್ರ, ಒಬ್ಬರಿಗೆ ಹಳೆಯದೊಂದು ಹೊಸದೊಂದು, ಒಬ್ಬರಿಗೆ ಏನೂ ಇಲ್ಲ. ಇವರಿಗೆ ಯಾವ ಬಣ್ಣ ಬರಬೇಕು ಅಂತ ಪಕ್ಕದಲ್ಲೇ ಬರೆದಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ನೀರಿನ ಕ್ಯಾಂಪ್ ಇಲ್ಲ. ಆಗ ಊರಿನವರೆಲ್ಲ ತುಂಗಾ ಹೊಳೆಯಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತಾ ಅಂತ ನೋಡೋಕೆ ಹೋಗುತ್ತಾರೆ, ಶೀಟ್ ಕಡೆ ತಲೆ ಹಾಕುವವರಿಲ್ಲ. ಅಕ್ಟೋಬರ್‌ನಲ್ಲಿ ತೆರೆದಾಗ ನಾನು ಮೊದಲು ನೋಡುವುದು ಈ ಮೂವರನ್ನು. ಬಣ್ಣ ಸರಿಯಿದ್ದರೆ ಮೇಷ್ಟ್ರಿಗೆ ಫೋನ್ ಮಾಡುತ್ತೇನೆ.